ಕೆಂಪು ನಾಣ್ಯದ ಹಾಡು

ಕನ್ನಡಕದಂಗಡಿ ಮಾರಿ ಮನೆಯಲ್ಲಿ ಕೂತ ಗಂಡ ಏನಾದರೊಂದು ಹುಚ್ಚು ಹಚ್ಚಿಕೊಳ್ಳುತ್ತಾನೆ ಎಂದು ಅವಳಿಗೆ ಗೊತ್ತಿತ್ತು. ಗಿಡ ಸಾಕುತ್ತಾನೇನೋ, ಇಲ್ಲವೇ ಅಡುಗೆಮನೆಗೆ ಬಂದು ಮೂಗು ತೂರಿಸುತ್ತಾನೇನೋ ಎಂದುಕೊಂಡಿದ್ದಳು. ಅವನು ತಂದದ್ದು ಜ್ಯೂಕ್‌ಬಾಕ್ಸ್. ಕಾಸು ಹಾಕಿ ಗುಂಡಿ ಒತ್ತಿದರೆ ಬೇಕಾದ ಹಾಡು ಹಾಡುವ ಪೆಟ್ಟಿಗೆ. ಬೀರುವಿನಷ್ಟು ದಪ್ಪ, ಮುಂದೆ ಗಾಜು, ಹೊಟ್ಟೆ ತುಂಬ ಬಣ್ಣದ ದೀಪ. ಆಳುಗಳು ಏದುಸಿರು ಬಿಡುತ್ತ ಹೊತ್ತು ತಂದು ನಡುಮನೆಯಲ್ಲಿ ಇಳಿಸಿದಾಗ ಅದರ ಬೆನ್ನಿನಿಂದ ಸತ್ತ ಜಿರಲೆಗಳು ಉದುರಿದವು. ನೆಂಟರ ಮಕ್ಕಳು ಬೆನ್ನ ಹಿಂದೆ ಅವಳನ್ನು ಒರೆಸಮ್ಮ ಎಂದು ಕರೆಯುವುದು ಸುಮ್ಮನೆ ಅಲ್ಲ. ಗೊಣಗುತ್ತಲೇ ಬಟ್ಟೆ ತಂದು ಬಗ್ಗಿದಳು.

ಜಿರಲೆ ಹೋದವು, ಹಾಡುಗಳು ಬಂದವು. ಗಂಡ ದಿನಾ ಬೆಳಗ್ಗೆ ಚೀಲ ಹಿಡಿದು ಗುಜರಿ ಅಂಗಡಿಗಳನ್ನು ಸುತ್ತಿ ಹಳೇ ರೆಕಾರ್ಡುಗಳನ್ನು ಬಾಚಿ ತರತೊಡಗಿದ. ಒಂದೊಂದು ದಶಕಕ್ಕೆ ಒಂದೊಂದು ಸಾಲು, ಆ ಸಾಲಿನಲ್ಲಿ ಆ ಕಾಲದ ಹಿಟ್ ಹಾಡುಗಳು ಮಾತ್ರ, ಹಿಟ್ ಆಗದ್ದಕ್ಕೆ ಈ ಮನೆಯಲ್ಲಿ ಜಾಗವಿಲ್ಲ ಎಂದು ಅವನ ಕಟ್ಟಪ್ಪಣೆ. ಇಲಿ ಉಚ್ಚೆಯ ವಾಸನೆ ಹೊಡೆಯುವ ಆ ತಟ್ಟೆಗಳನ್ನು, ಯಾರ್ಯಾರದೋ ಹೆಬ್ಬೆರಳಿನ ಜಿಡ್ಡಿನ ಸಮೇತ, ಊಟದ ಮೇಜಿನ ಮೇಲೆ ಹರಡಿಕೊಂಡು, "ಇದು ಆ ಕಾಲದಲ್ಲಿ ಎಷ್ಟು ಓಡಿತ್ತು ಗೊತ್ತಾ ನಿಂಗೆ?" ಎನ್ನುತ್ತಿದ್ದ. ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವೆಲ್ಲ ಓಡಿದ್ದು ಅವಳ ತಲೆಯ ಮೇಲೆಯೇ.

ಮದುವೆಗೆ ಮುಂಚೆ ಅವಳು ಬಸ್ ನಿಲ್ದಾಣದ ಎದುರಿನ ಕಾಫಿ ಹೋಟೆಲಿನಲ್ಲಿ ಕಪ್ಪು ಎತ್ತಿ ಮೇಜು ಒರೆಸುವ ಕೆಲಸಕ್ಕಿದ್ದಳು. ಅಲ್ಲಿಯೂ ಗೋಡೆಗೊರಗಿ ಇಂಥದೇ ಒಂದು ಪೆಟ್ಟಿಗೆ ನಿಂತಿತ್ತು. ಹಿಟ್ ಹಾಡು ಎಂದರೆ ಬಂದು ಹೋಗುವವರಿಗೆ ಇಷ್ಟವಾದ ಹಾಡು. ಅಲ್ಲೇ ದುಡಿಯುವವರಿಗೆ ಅದು ಬೆಳಗಿನಿಂದ ಕತ್ತಲಾಗುವವರೆಗೆ ಬಿಡದೆ ಬಡಿಯುವ ಹಾಡು. ಅದರಲ್ಲೂ ಚಂದ್ರನ ಹಾಡು. ಮೂಗಿನಲ್ಲಿ ಹಾಡುವ ಒಬ್ಬ ಗಂಡಸು ಚಂದ್ರನನ್ನು ಕರೆದೂ ಕರೆದೂ ಗೋಳಾಡುತ್ತಾನೆ, ಅಷ್ಟೇ. ಸಂಜೆ ಹೊತ್ತು ಬರುತ್ತಿದ್ದ ಲಾರಿ ಕಂಟ್ರಾಕ್ಟರನೊಬ್ಬನಿಗೆ ಅದೆಂದರೆ ಪ್ರಾಣ. ಕಾಫಿ ಕಪ್ಪಿನ ಬಸಿಯಲ್ಲಿ ಸಿಗರೇಟು ಹೊಸಕಿ, ಅದೇ ಬೆರಳಿನಲ್ಲಿ ಗುಂಡಿ ಒತ್ತಿ, ಪಲ್ಲವಿ ಬಂದಾಗಲೆಲ್ಲ ಅವಳ ಮೊಣಕೈ ಹಿಡಿದುಕೊಂಡು ತಾಳ ಹಾಕುತ್ತಿದ್ದ. ಅವನ ಕೈ ಸದಾ ಒದ್ದೆ. ಮಾಲೀಕ ನೋಡಿಯೂ ನೋಡದವನಂತೆ ಗಲ್ಲಾಪೆಟ್ಟಿಗೆಗೆ ತಲೆ ತಗ್ಗಿಸುತ್ತಿದ್ದ. ಇವತ್ತಿಗೂ ಆ ಹಾಡು ಎಲ್ಲಾದರೂ ಕಿವಿಗೆ ಬಿದ್ದರೆ ಅವಳ ಮೊಣಕೈ ತಾನಾಗಿ ಪಕ್ಕೆಗೆ ಅಂಟಿಕೊಳ್ಳುತ್ತದೆ.

ಗಂಡನಿಗೋ ಅದು ತಮ್ಮಿಬ್ಬರ ಹಾಡು. ಆಗಿನ್ನೂ ಪಕ್ಕದ ಬೀದಿಯ ಅಂಗಡಿಯಲ್ಲಿ ಕನ್ನಡಕದ ಗಾಜು ಉಜ್ಜುತ್ತಿದ್ದ ಹುಡುಗ, ಮಧ್ಯಾಹ್ನ ಬಂದು ಮೂಲೆಯ ಮೇಜಿನಲ್ಲಿ ಕೂರುತ್ತಿದ್ದ. ಅವನು ಕೂತದ್ದೇ ತಡ, ಅವಳು ಹೋಗಿ ನಾಣ್ಯ ಹಾಕಿ ಚಂದ್ರನ ಹಾಡು ಹಚ್ಚುತ್ತಿದ್ದಳು. ಒಂದು ದಿನವಲ್ಲ, ಎರಡು ದಿನವಲ್ಲ, ಬಂದಾಗಲೆಲ್ಲ. ಹುಡುಗ ಅಲ್ಲೇ ಕರಗಿ ನೀರಾದ. ಮದುವೆಯಾದ ಮೇಲೆ ಮನೆಗೆ ಬಂದವರಿಗೆಲ್ಲ ಅದೇ ಕಥೆ. "ಬಾಯಿಬಿಟ್ಟು ಒಂದು ಮಾತಾಡಿಲ್ಲ ಇವಳು. ಹಾಡಲ್ಲೇ ಒಪ್ಕೊಂಡ್ಳು." ಮೊದಲ ಸಲ ಅದನ್ನು ಕೇಳಿದಾಗ ಅವಳು ಹೊಸ ಸೊಸೆ, ಅತ್ತೆ ಮಾವನ ಎದುರು ತುಟಿ ಪಿಟಕ್ಕೆನ್ನಲಿಲ್ಲ. ಆಮೇಲೆ ಕಥೆ ಬೇರು ಬಿಟ್ಟಿತು. ಊರವರ ಕಣ್ಣಿಗೆಲ್ಲ ಕನ್ನಡಕ ಏರಿಸಿದ ಮನುಷ್ಯನಿಗೆ ಮೂಗಿನ ಕೆಳಗಿನದು ಕಾಣಲಿಲ್ಲ.

ಹುಡುಕೀ ಹುಡುಕೀ ಚಂದ್ರನ ಹಾಡಿನ ರೆಕಾರ್ಡು ಕೊನೆಗೂ ಸಿಕ್ಕಿಬಿಟ್ಟಿತು. ಗಂಡ ಅದನ್ನು ಮೊದಲನೇ ಗುಂಡಿಗೇ ಕೂರಿಸಿದ. ಭಾನುವಾರಕ್ಕೆ ನೆಂಟರನ್ನೆಲ್ಲ ಕರೆದ. ಎಲ್ಲರೆದುರು ಆ ಗುಂಡಿಯನ್ನು ಅವಳೇ ಒತ್ತಬೇಕಂತೆ. ನಾದಿನಿ ಫೋನು ಮಾಡಿ, "ಹಳೇ ಥರಾನೇ ಒತ್ಬೇಕು ಅತ್ತಿಗೆ, ಓರೆಗಣ್ಣಲ್ಲಿ ಅಣ್ಣನ್ನ ನೋಡ್ಕೊಂಡು" ಎಂದು ಕಿಸಿಕಿಸಿ ನಕ್ಕಳು. ಅವಳಿಗೆ ಫೋನನ್ನೂ ತೊಳೆದಿಡಬೇಕು ಅನ್ನಿಸಿತು. ಗುಂಡಿ ಒತ್ತಿದರೆ ಉಳಿದ ಆಯಸ್ಸೆಲ್ಲ ಆ ಒದ್ದೆ ಕೈಯನ್ನು ನಡುಮನೆಯಲ್ಲಿ ಇಟ್ಟುಕೊಂಡು ಬಾಳಬೇಕು. ಒತ್ತದಿದ್ದರೆ ಈ ಮನುಷ್ಯ ಇಷ್ಟು ವರ್ಷ ಎದೆಗವಚಿಕೊಂಡು ಬಂದದ್ದನ್ನು ಕಿತ್ತುಕೊಳ್ಳಬೇಕು. ಎರಡೂ ಅವಳಿಗೆ ಬೇಡವಾಗಿತ್ತು.

ಶನಿವಾರ ಸಂಜೆ ಗಂಡ ಜ್ಯೂಕ್‌ಬಾಕ್ಸಿನ ಕಾಸಿನ ಡಬ್ಬಿ ಬಿಚ್ಚಿದ್ದ. ಕಾಫಿಯ ಲೋಟವನ್ನು ಪೆಟ್ಟಿಗೆಯ ನೆತ್ತಿಯ ಮೇಲೆ ಕುಕ್ಕಿ, ಏನನ್ನೋ ಬೆರಳ ತುದಿಯಲ್ಲಿ ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದ.

"ಒಳಗೆ ಸಿಕ್ಕಾಕ್ಕೊಂಡಿತ್ತು ನೋಡು. ಯಾವ ಕೊಳಕನೋ ನಾಣ್ಯಕ್ಕೆ ಉಗುರುಬಣ್ಣ ಬಳಿದಿದಾನೆ. ಸ್ವಲ್ಪ ಒರೆಸ್ಕೊಡು."

ಅವಳು ನಾಣ್ಯ ಈಸಿಕೊಂಡಳು. ಕೆಂಪು ಬಣ್ಣ ಅರ್ಧಕ್ಕರ್ಧ ಉಳಿದಿತ್ತು. ಒರೆಸಲಿಲ್ಲ.

"ಹೋಟೆಲಿನೋರೇ ಬಳಿಯೋದು ರೀ ಇದನ್ನ."

"ಯಾಕೆ?"

"ಪೆಟ್ಟಿಗೆ ಸುಮ್ನಿದ್ರೆ ಗಿರಾಕಿ ಬೇಗ ಎದ್ದು ಹೋಗ್ತಾನೆ. ಅದಕ್ಕೆ ಮಾಲೀಕ ನಮ್ಮ ಕೈಗೆ ಕೆಂಪು ನಾಣ್ಯ ಕೊಟ್ಟಿರ್ತಿದ್ದ, ಹಾಕಿ ಹಾಡಿಸ್ತಾ ಇರಿ ಅಂತ. ಪೆಟ್ಟಿಗೆ ಬಾಡಿಗೆಗೆ ಇಟ್ಟಿದ್ದೋನು ಕಾಸು ತಗೊಳಕ್ಕೆ ಬಂದಾಗ ಕೆಂಪು ಇರೋವನ್ನ ಆರಿಸಿ ಮಾಲೀಕನಿಗೇ ವಾಪಸ್ ಕೊಟ್ಟು ಹೋಗ್ತಿದ್ದ."

"ಒಳ್ಳೇ ಉಪಾಯ" ಎಂದು ಗಂಡ ನಕ್ಕ. ಅವನಿಗಿನ್ನೂ ಹೊಳೆದಿರಲಿಲ್ಲ. ಅವಳಿಗೆ ಸಿಟ್ಟು ಬಂತು.

"ಮಧ್ಯಾಹ್ನ ಹೋಟೆಲು ಖಾಲಿ. ಇದ್ದ ಗಿರಾಕಿ ನೀವೊಬ್ರೇ. ಕೈಲಿ ಒದ್ದೆ ಬಟ್ಟೆ, ಹೋಗ್ತಾ ಹೋಗ್ತಾ ಹತ್ತಿರ ಸಿಕ್ಕಿದ ಗುಂಡಿ ಒತ್ತಿಬಿಡ್ತಿದ್ದೆ. ಅದು ಮೊದಲನೇ ಗುಂಡಿ. ಚಂದ್ರನ ಹಾಡು ಅಲ್ಲಿತ್ತು. ಅಷ್ಟೇ ರೀ."

ಗಂಡನ ನಗು ಮುಖದ ಮೇಲೆ ಹಾಗೇ ಉಳಿದು, ಆಮೇಲೆ ಇಳಿಯಿತು. ಅವಳು ನಿಲ್ಲಿಸಲಿಲ್ಲ. ಸಂಜೆಯ ಕಂಟ್ರಾಕ್ಟರನ ವಿಷಯ ಹೇಳಿದಳು, ಅವನ ಒದ್ದೆ ಕೈಯ ವಿಷಯವನ್ನೂ ಹೇಳಿದಳು. "ಆ ಹಾಡು ಕೇಳಿದ್ರೆ ನಂಗೆ ಹೇಸಿಗೆ ಆಗತ್ತೆ. ಸ್ನಾನ ಮಾಡ್ಬೇಕು ಅನ್ಸತ್ತೆ."

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ನೀವು ಕಥೆ ಹೇಳ್ತಾನೇ ಇದ್ರಿ. ನಡುವೆ ನಾನೆಲ್ಲಿ ಬಾಯಿ ಹಾಕ್ಲಿ?"

ಅವನು ಹೊಸ್ತಿಲಲ್ಲೇ ಕೂತ. ಅಂಗಡಿಯಲ್ಲಿ ಸಾಲ ಕೇಳುವವನ ಹಾಗೆ ದನಿ ತಗ್ಗಿಸಿ ಕೇಳಿದ, "ಹಾಗಾದ್ರೆ ನನ್ನ ಯಾಕೆ ಒಪ್ಕೊಂಡೆ?"

"ಕಾಫಿ ಕುಡಿದು ಏಳೋವಾಗ ಜೇಬಿಂದ ಗಾಜು ಒರೆಸೋ ಬಟ್ಟೆ ತೆಗೆದು ನಿಮ್ಮ ಮೇಜು ನೀವೇ ಒರೆಸಿ ಹೋಗ್ತಿದ್ರಿ. ಆ ಹೋಟೆಲಲ್ಲಿ ಹಾಗೆ ಮಾಡಿದೋರು ಇನ್ನೊಬ್ಬರನ್ನ ನಾನು ನೋಡ್ಲಿಲ್ಲ." ಅವಳು ನಾಣ್ಯವನ್ನು ಅವನ ಪಕ್ಕ ಇಟ್ಟಳು. "ಮದುವೆ ಆದ್ಮೇಲೆ ಅದನ್ನೂ ಬಿಟ್ರಿ."

ಗಂಡ ಎದ್ದು ನಡುಮನೆಗೆ ಹೋದ. ಪೆಟ್ಟಿಗೆಯ ಬಾಗಿಲು ತೆಗೆದು ಚಂದ್ರನ ಹಾಡನ್ನು ಹೊರಗೆಳೆದು ಚೀಲಕ್ಕೆ ಹಾಕಿದ. ಆಮೇಲೆ ಕಾಫಿಯ ಲೋಟ ಎತ್ತಿದ. ಅದರ ಅಡಿಯಲ್ಲಿ ದುಂಡನೆಯ ಕಲೆ ಅಂಟಂಟಾಗಿ ಕೂತಿತ್ತು, ಪಕ್ಕದಲ್ಲಿ ನಿನ್ನೆಯದು, ಮೊನ್ನೆಯದು. ಬೆರಳಲ್ಲಿ ಉಜ್ಜಿ ನೋಡಿದ. ಹೋಗಲಿಲ್ಲ. ಸುತ್ತ ಕಣ್ಣಾಡಿಸಿದ, ಕಿಟಕಿಯ ಹತ್ತಿರ ಹುಡುಕಿದ, ಬೀರುವಿನ ಬಾಗಿಲು ತೆಗೆದು ಮುಚ್ಚಿದ. ಕೊನೆಗೆ, ಮದುವೆಯಾದಂದಿನಿಂದ ಇದೇ ಮನೆಯಲ್ಲಿ ಬಾಳಿದ ಆ ಮನುಷ್ಯ ಅಡುಗೆಮನೆಯತ್ತ ತಿರುಗಿ, "ಒರೆಸೋ ಬಟ್ಟೆ ಎಲ್ಲಿಟ್ಟಿರ್ತೀಯ?" ಎಂದು ಕೇಳಿದ.