ಮೂರು ಬೆರಳಿನ ರೊಟ್ಟಿ

ಖಾನಾವಳಿ ಅವ್ವನ ಬಲಗೈಯಲ್ಲಿ ಕಿರುಬೆರಳೂ ಅದರ ಪಕ್ಕದ್ದೂ ಇರಲಿಲ್ಲ. ಉಳಿದ ಮೂರು ಬೆರಳಿನಲ್ಲೇ ಅವಳು ಜೋಳದ ರೊಟ್ಟಿ ಬಡಿಯುತ್ತಿದ್ದಳು. ಹಂಚಿನಿಂದ ತೆಗೆದ ರೊಟ್ಟಿಯ ಮೇಲೆ ಆ ಮೂರರ ಗುರುತು ಕಾಣುತ್ತಿತ್ತು, ಒಂದು ಅಂಚು ಯಾವಾಗಲೂ ತುಸು ದಪ್ಪ. ಹೊಸ ಗಿರಾಕಿ ಯಾರಾದರೂ "ಇದೇನ್ರಿ ಅವ್ವಾರ, ರೊಟ್ಟಿ ಒಂದ್ ಕಡೆ ದಪ್ಪ ಐತಿ?" ಎಂದರೆ ಒಲೆಯಿಂದ ತಲೆ ಎತ್ತದೆ ಹೇಳುತ್ತಿದ್ದಳು: "ಉಳಿದ ಎರಡು ಬೆರಳು ಶಟರ್ ತಿಂದೈತಿ. ನೀ ರೊಟ್ಟಿ ತಿನ್ನು."

ಗಂಗಾವತಿಯ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಒಂದೇ ಮಾಳಿಗೆಯ ಕೆಳಗೆ ನಮ್ಮ ಮಳಿಗೆಗಳ ಸಾಲು. ತುದಿಯದು ಅವಳ ಖಾನಾವಳಿ. ಪಕ್ಕದ್ದು ನನ್ನ ಹಳೆ ಮೋಟಾರು ಪಂಪುಗಳ ಅಂಗಡಿ, ಅದರಾಚೆ ದರ್ಜಿಯದು, ಆಮೇಲೆ ಉಳಿದವರದು. ಎಲ್ಲರೂ ಬಾಡಿಗೆಯವರೇ. ನಾನು ಯಲಬುರ್ಗಾ ಕಡೆಯಿಂದ ಬರಿಗೈಯಲ್ಲಿ ಬಂದು, ಅಕ್ಕಿ ಗಿರಣಿಯಲ್ಲಿ ಮೂಟೆ ಹೊತ್ತು, ಮೂಟೆ ಹೊರುವವನಿಗಿಂತ ಅದರ ದರ ಮಾತಾಡುವವನು ಹೆಚ್ಚು ಉಣ್ಣುತ್ತಾನೆಂದು ಕಂಡುಕೊಂಡು ಈ ವ್ಯಾಪಾರಕ್ಕೆ ಇಳಿದವನು. ಯಾವ ಮಾತಿಗೂ ಒಂದು ಎದುರು ದರ ಹೇಳದೆ ಇರಲಾರೆ. ಮೊದಲ ದಿನವೇ ತಿಂಗಳ ಊಟಕ್ಕೆ ಚೌಕಾಶಿಗೆ ಇಳಿದೆ. ಅವ್ವ ಕಾದ ಇಕ್ಕಳದಿಂದ ನನ್ನ ಮುಂಗೈಗೆ ಒಂದು ಬಿಟ್ಟಳು.

"ಚೌಕಾಶಿ ಮೋಟಾರಿಗೆ ಮಾಡು, ಹೊಟ್ಟಿಗೆ ಮಾಡಬ್ಯಾಡ. ಕುಂದ್ರು, ತಟ್ಟಿ ಹಾಕ್ತೀನಿ."

ಆ ಬರೆ ಇನ್ನೂ ಇದೆ. ಅವ್ವನ ಸಿಟ್ಟು ಬಾಯಿಗಿಂತ ಮೊದಲು ಕೈಗೆ ಬರುತ್ತಿತ್ತು. ಒಮ್ಮೆ ಕುಡಿದು ಬಂದು ಅನ್ನದ ತಟ್ಟೆ ಒದ್ದ ಲಾರಿ ಡ್ರೈವರನ ತಲೆಯನ್ನು ಸೌದೆಯಿಂದ ಒಡೆದಳು. ಆಮೇಲೆ ತಾನೇ ಆ ಗಾಯಕ್ಕೆ ಅರಿಶಿನ ಒತ್ತಿ, ಬೇರೆ ತಟ್ಟೆ ಹಾಕಿ, ಪುಂಡಿಪಲ್ಯ ಮುಗಿಯುವ ತನಕ ಎದುರಿಗೆ ಕೂತು ಉಣಿಸಿದಳು. ಅವನು ಅಳುತ್ತ ಉಂಡ. ಮರುವಾರದಿಂದ ಕಾಯಂ ಗಿರಾಕಿಯಾದ.

ಅವಳ ಒಲೆ ಆರುತ್ತಿರಲಿಲ್ಲ. ಗ್ಯಾಸ್ ಇತ್ತು, ಸಾರಿಗೆ ಪಲ್ಯಕ್ಕೆ ಅದು. ರೊಟ್ಟಿಗೆ ಮಾತ್ರ ಕಟ್ಟಿಗೆ ಒಲೆ. ಕೆಲಸ ಮುಗಿದ ಮೇಲೆ ಕೆಂಡಕ್ಕೆ ಬೂದಿ ಮುಚ್ಚಿ, ಮಗಳ ಜೊತೆ ಹಿಂದಿನ ಕೋಣೆಯಲ್ಲೇ ಮಲಗುತ್ತಿದ್ದಳು. ಊರಿಗೆ ಹೋಗುವುದಿದ್ದರೆ ಇಬ್ಬರಲ್ಲಿ ಒಬ್ಬರು ಉಳಿಯಲೇಬೇಕು. ಯಾಕೆಂದು ಕೇಳಿದಾಗ ಒಮ್ಮೆ ಹೇಳಿದ್ದಳು. ಗಂಡ ಇದ್ದಾಗ ಕುಷ್ಟಗಿಯಲ್ಲಿ ಬಾಡಿಗೆ ಮನೆ. ಕುಕನೂರಿನಲ್ಲಿ ತಂಗಿಯ ಮದುವೆಗೆ ಹೋಗಿ ಬರುವಷ್ಟರಲ್ಲಿ ಹಾಸಿಗೆ, ಹಂಚು, ಮಗಳ ತೊಟ್ಟಿಲು ಎಲ್ಲ ಬೀದಿಯಲ್ಲಿದ್ದವು. ಬಾಗಿಲಿಗೆ ಬೇರೆಯವರ ಕೀಲಿ. ಕೇಳಲು ಹೋದ ಗಂಡನನ್ನು ಮಾಲೀಕನ ಕಡೆಯವರು ಕಂಬಕ್ಕೆ ಕಟ್ಟಿ ಬಡಿದರು. ಆ ಪೆಟ್ಟಿನಿಂದ ಅವನು ಮೇಲೇಳಲೇ ಇಲ್ಲ.

"ಸಾಮಾನು ಹೊರಗ ಬಂತಂದ್ರ ನೀ ಹೊರಗ ಬಂದಂಗ," ಎಂದಳು. "ಸಾಮಾನಿಗೆ ಕಾಲಿಲ್ಲ, ತಾನಾ ಒಳಗ ಹೋಗೂದುಲ್ಲ."

ನಾನು ಆಗ ಅದನ್ನು ದುಃಖದ ಮಾತೆಂದು ತಿಳಿದೆ. ಅದು ಕಾನೂನಿನ ಮಾತು.

ನಮ್ಮ ಸಾಲಿನಲ್ಲಿ ಒಂದು ರೂಢಿ ಇತ್ತು. ದೀಪಾವಳಿಗೆ ಮುಂಚೆ ಮಾಲೀಕನೇ ಮಳಿಗೆಗಳಿಗೆ ಸುಣ್ಣ ಬಣ್ಣ ಮಾಡಿಸುತ್ತಿದ್ದ. ನಾವು ಸಾಮಾನು ಹೊರಗಿಟ್ಟು, ತಾಡಪತ್ರಿ ಮುಚ್ಚಿ, ಕೀಲಿಕೈ ಅವನ ಕೈಗೆ ಕೊಡುತ್ತಿದ್ದೆವು. ಬಣ್ಣ ಒಣಗಿದ ಮೇಲೆ ಅವನು ಪೇಡೆಯ ಜೊತೆ ಕೀಲಿಕೈ ವಾಪಸು ಕೊಡುತ್ತಿದ್ದ. ಹಳೆ ಮಾಲೀಕ ತೀರಿಕೊಂಡ. ಮಕ್ಕಳು ಸಾಲನ್ನು ಪೂರ್ತಿ ಮಾರಿದರು. ಕೊಂಡವನು ಗಿಣಿಗೇರಾ ಕಡೆ ಕಬ್ಬಿಣದ ಗುತ್ತಿಗೆಯಲ್ಲಿ ದುಡ್ಡು ಮಾಡಿದವನು. ಅವನ ಪರವಾಗಿ ಇಲ್ಲಿ ಓಡಾಡುತ್ತಿದ್ದವನು ಅವನ ಅಳಿಯ. ಖಾಲಿ ಮಾಡಿ ಎಂದು ಬಾಯಿಮಾತಿನಲ್ಲಿ ಎರಡು ಸಲ ಕೇಳಿದ. ನಾವು ಒಪ್ಪಲಿಲ್ಲ. ಕಟ್ಟಡ ಮಾರಿದರೆ ಬಾಡಿಗೆಯವನು ಮಾಯವಾಗುವುದಿಲ್ಲ, ಹೊಸಬ ಹಳೆ ಮಾಲೀಕನ ಜಾಗದಲ್ಲಿ ಬಂದು ನಿಲ್ಲುತ್ತಾನೆ, ಅಷ್ಟೆ. ಅದು ನನಗೂ ಗೊತ್ತಿತ್ತು. ಆಮೇಲೆ ಅವನು ಮೆತ್ತಗಾದ. ದೀಪಾವಳಿ ಬಂತು.

"ಹಿರ್ಯಾರು ನಡಿಸಿದ್ದು ಯಾಕ ಬಿಡೂದ್ರಿ? ಬಣ್ಣ ನಮ್ಮದು. ಕೀಲಿಕೈ ಕೊಡ್ರಿ," ಎಂದ.

ನಾನು ಕೊಟ್ಟೆ. ಅಷ್ಟೇ ಅಲ್ಲ, ಬರಿ ಸುಣ್ಣ ಬೇಡ, ತೊಳೆದರೂ ಹೋಗದ ಬಣ್ಣವೇ ಬೇಕೆಂದು ಹಟ ಹಿಡಿದು ಗೆದ್ದು, ಆ ಗೆಲುವನ್ನು ಸಾಲಿಗೆಲ್ಲ ಸಾರಿಕೊಂಡು ಬಂದೆ. ಎಲ್ಲರೂ ಸಾಮಾನು ಹೊರಗಿಟ್ಟರು. ಅವ್ವ ಮಾತ್ರ ಕದಲಲಿಲ್ಲ.

"ಹೊಗಿ ಹಿಡದ ಗ್ವಾಡಿ ನಂದು. ಅದಕ್ಕ ಬಣ್ಣ ಒಗ್ಗೂದುಲ್ಲ."

"ಪುಕ್ಕಟೆ ಬರ್ತೈತಿ, ಬಿಡ್ತೀಯೇನವ್ವಾ?" ಎಂದೆ.

"ಪುಕ್ಕಟೆ ಅಂದಾಗ ನೀ ಯಾಕ ಎದರು ದರ ಕೇಳಲಿಲ್ಲೋ ಶ್ಯಾಣ್ಯಾ?"

ಸಂಜೆ ಇಬ್ಬರು ಬಣ್ಣದವರು ಬಂದು ದರ್ಜಿಯ ಮಳಿಗೆಯ ಒಂದು ಗೋಡೆ ಕೆರೆದು, ಸುಣ್ಣ ಬಳಿದು ಹೋದರು. ಬೆಳಿಗ್ಗೆ ನಾವು ಬಂದಾಗ ಶಟರ್‌ಗಳು ಇಳಿದಿದ್ದವು, ಒಂದೊಂದಕ್ಕೂ ಹೊಳೆಯುವ ಹೊಸ ಕೀಲಿ. ಅಳಿಯ ಜೀಪಿಗೆ ಒರಗಿ ನಿಂತಿದ್ದ. ಹಿಂದೆ ಹಾರೆ ಹಿಡಿದ ಆಳುಗಳು, ಅವರ ಹಿಂದೆ ಜೆಸಿಬಿ.

"ಬಣ್ಣ ಎಲ್ರೀ?" ಎಂದೆ.

"ಕೆಡವೋ ಗ್ವಾಡಿಗೆ ಬಣ್ಣ ಯಾಕ್ರಿ? ನೀವಾ ಖುಷೀಲೆ ಸಾಮಾನು ತಗದ್ರಿ, ನೀವಾ ಕೀಲಿಕೈ ಕೊಟ್ರಿ. ಖಾಲಿ ಮಾಡಿದ್ರಿ. ಇನ್ನೇನೈತಿ?"

ನಾನು ಅವನ ಕಾಲರ್ ಹಿಡಿದೆ. ಒಬ್ಬ ಹಾರೆಯ ಮೊಂಡು ತುದಿಯನ್ನು ನನ್ನ ಪಕ್ಕೆಗೆ ಗುದ್ದಿದ. ಉಸಿರು ನಿಂತಿತು, ಬೀದಿಯಲ್ಲಿ ಬಿದ್ದೆ. ಬಿಡಿಸಲು ಬಂದ ದರ್ಜಿಯ ಕೈಯನ್ನು ಬೆನ್ನ ಹಿಂದಕ್ಕೆ ತಿರುವಿ ಅವನನ್ನು ನನ್ನ ಮೇಲೆಯೇ ಕೆಡವಿದರು. ಆಮೇಲೆ ಖಾನಾವಳಿಯ ಕಡೆ ನಡೆದರು. ಅಲ್ಲಿ ಶಟರ್ ಮೇಲಿತ್ತು, ಹೊಗೆ ಬರುತ್ತಿತ್ತು. ಮಗಳು ಗಿರಣಿಗೆ ಹಿಟ್ಟು ಬೀಸಿಸಲು ಹೋಗಿದ್ದಳು. ಅವ್ವ ಒಬ್ಬಳೇ.

"ಅವ್ವಾ, ಒಲಿ ಆರಿಸಿ ಹೊರಗ ಬಾ," ಎಂದ ಅಳಿಯ.

"ಯಾಕಲೇ? ನಿಮ್ಮ ಮಾವ ಹಚ್ಚಿದ ಒಲಿಯೇನು ಇದು?"

"ಬಾಯಿ ಭಾಳಾತು ನಿಂದು."

"ಕೈ ಇನ್ನೂ ನೋಡಿಲ್ಲ ನೀನು."

ಒಬ್ಬ ನೀರಿನ ಕೊಡ ಎತ್ತಿ ಒಲೆಯ ಮೇಲೆ ಸುರಿಯಲು ಹೋದ. ಅವ್ವ ಕುದಿಯುವ ಸಾರಿನ ಪಾತ್ರೆಯನ್ನೇ ಅವನ ಕಾಲ ಮೇಲೆ ಬೋರಲು ಹಾಕಿದಳು. ಅವನು ಕಿರುಚುತ್ತ ಬೀದಿಗೆ ಹಾರಿದ. ಎರಡನೆಯವನು ಅವಳ ತುರುಬು ಹಿಡಿದು ಹಣೆಯನ್ನು ರೊಟ್ಟಿ ಬಡಿಯುವ ಕಲ್ಲಿಗೆ ಅಪ್ಪಳಿಸಿದ. ಕಲಸಿದ ಹಿಟ್ಟು ಕೆಂಪಾಯಿತು. ಅವಳು ಕಣ್ಣಿಗಿಳಿದ ರಕ್ತ ಒರೆಸಿಕೊಳ್ಳಲಿಲ್ಲ. ಇಕ್ಕಳದಲ್ಲಿ ಕಾದ ಹಂಚು ಹಿಡಿದು ಅವನ ಮಣಿಕಟ್ಟಿನ ಮೇಲಿಟ್ಟು ಒತ್ತಿದಳು. ಚರ್ಮ ಸುಟ್ಟ ವಾಸನೆ ನಾನು ಬಿದ್ದಲ್ಲಿಗೂ ಬಂತು.

"ಶಟರ್ ಎಳೀರಲೇ! ಒಳಗಾ ಕುಂತು ಹೊಗಿ ಕುಡೀಲಿ!" ಎಂದು ಅಳಿಯ ಕೂಗಿದ.

ಶಟರ್ ಕೆಳಗಿಳಿಯಿತು. ಇನ್ನೊಂದು ಗೇಣು ಉಳಿದಾಗ ಅದರ ಅಡಿಯಿಂದ ಅವ್ವನ ಬಲಗೈ ಹೊರಗೆ ಬಂತು, ಅಂಚನ್ನು ಹಿಡಿದು ಮೇಲಕ್ಕೆ ಒತ್ತತೊಡಗಿತು. ಇಬ್ಬರು ಶಟರ್ ಮೇಲೆ ಕಾಲಿಟ್ಟು ತುಳಿದರು. ಕಬ್ಬು ಮುರಿದಂಥ ಸದ್ದಾಯಿತು. ನನ್ನ ಮುಖ ನೆಲದಲ್ಲಿತ್ತು, ಹಾಗಾಗಿ ನಾನು ಅದನ್ನು ಸಮೀಪದಿಂದ ಕಂಡೆ. ಬೆರಳು ಹೊರಗೆ ಉಳಿದವು, ಕೈ ಒಳಗೆ ಹೋಯಿತು. ಒಳಗಿನಿಂದ ಅಳು ಬರಲಿಲ್ಲ, ಬೈಗುಳ ಬಂತು.

ಅಷ್ಟು ಹೊತ್ತೂ ನಿಂತು ನೋಡುತ್ತಿದ್ದ ಬೀದಿ ಆಗ ಎಚ್ಚರಾಯಿತು. ಬೆಳಗಿನ ಊಟಕ್ಕೆಂದು ಬರುತ್ತಿದ್ದ ಹಮಾಲರು ಮೂಟೆ ಎಳೆಯುವ ಕೊಕ್ಕೆಗಳನ್ನು ಹಿಡಿದೇ ಓಡಿಬಂದರು. ಜೀಪಿನ ಗಾಜು ಒಡೆಯಿತು, ಒಬ್ಬನ ದವಡೆ ಒಡೆಯಿತು, ಅಳಿಯ ಚಪ್ಪಲಿ ಬಿಟ್ಟು ಓಡಿದ. ಜೆಸಿಬಿ ಡ್ರೈವರ್ ಕೀಲಿಕೈಯನ್ನು ಗಾಡಿಯಲ್ಲೇ ಬಿಟ್ಟು ಜಿಗಿದ. ನಮ್ಮ ಹಾಗೆ ಕೀಲಿಕೈ ಕಳೆದುಕೊಂಡವನು ಆ ಕಡೆ ಅವನೊಬ್ಬನೇ.

ಶಟರ್ ಎತ್ತಿದಾಗ ಅವ್ವ ಬಲಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡು, ಎಡಗೈಯಿಂದ ಒಲೆಗೆ ಕಟ್ಟಿಗೆ ನೂಕುತ್ತಿದ್ದಳು.

"ದವಾಖಾನಿಗೆ ನಡಿಯವ್ವಾ," ಎಂದೆ.

"ಮಗಳು ಬರ್ಲಿ. ಒಲಿ ಮುಂದ ಯಾರರ ಕುಂದ್ರಬೇಕು."

ಮಗಳು ಹಿಟ್ಟಿನ ಡಬ್ಬಿ ಹೊತ್ತು ಬಂದಳು, ನೋಡಿದಳು, ಒಲೆಯ ಮುಂದೆ ಕೂತಳು. ಆಗಲೇ ಅವ್ವ ಎದ್ದದ್ದು. ಅಷ್ಟರಲ್ಲಿ ಬಂದ ಹವಾಲ್ದಾರರು, "ಮಾಲಕರು ಬಾಡಿಗಿಯವರ ವ್ಯವಹಾರ ಇದು. ಸಿವಿಲ್ ಆಕ್ಕೈತಿ, ಕೋರ್ಟಿಗೆ ಹೋಗ್ರಿ," ಎಂದರು. ಅವ್ವ ಸೆರಗು ಬಿಚ್ಚಿ ಕೈಯನ್ನು ಅವರ ಮುಖದ ಮುಂದೆ ಹಿಡಿದಳು.

"ಸಾಹೇಬ್ರ, ಅಂಗಡಿ ಸಿವಿಲ್ ಇದ್ದೀತು. ಬೆರಳು ಯಾ ಕೇಸ್ರಿ?"

ಅವರು ಟೊಪ್ಪಿಗೆ ತೆಗೆದು ಮೆಟ್ಟಿಲ ಮೇಲೆ ಕೂತು, ಬರೆಯಲು ಪೆನ್ನು ಕೇಳಿದರು. ನೀವು ಬಾಡಿಗೆಯವರಾಗಿದ್ದರೆ ಆ ಮಾತನ್ನು ನೆನಪಿಡಿ. ಜಾಗದ ಜಗಳ ಬೇರೆ, ಹೊಡೆತದ ದೂರು ಬೇರೆ. ಒಂದರ ಹೆಸರಿನಲ್ಲಿ ಇನ್ನೊಂದನ್ನು ಮುಚ್ಚಲು ಬಿಡಬೇಡಿ.

ಕೊಪ್ಪಳದ ಆಸ್ಪತ್ರೆಗೆ ಮೂರನೇ ದಿನ ಅಳಿಯ ಸೇಬು ಹಿಡಿದು ಬಂದ. ಬೆರಳು ತಾನಾಗಿ ಶಟರಿಗೆ ಸಿಕ್ಕಿದ್ದು ಎಂದು ಅವ್ವ ಹೇಳಿದರೆ ಹೊಸ ಕಟ್ಟಡದಲ್ಲಿ ಅವಳೊಬ್ಬಳಿಗೆ ಮುಂಭಾಗದ ಮಳಿಗೆ ಕೊಡುವುದಾಗಿ ಹೇಳಿದ. ನಾನು ಪಕ್ಕೆಗೆ ಪಟ್ಟಿ ಕಟ್ಟಿಕೊಂಡು ಪಕ್ಕದಲ್ಲಿದ್ದೆ. ಅಭ್ಯಾಸಬಲ ನೋಡಿ, ಒಂದರ ಬದಲು ಎರಡು ಮಳಿಗೆ ಕೇಳಿದರೆ ಹೇಗೆ ಎಂದು ತಲೆಯಲ್ಲಿ ಲೆಕ್ಕ ಶುರುವಾಗಿತ್ತು. ಲೆಕ್ಕ ಮುಗಿಯುವ ಮೊದಲೇ ಸ್ಟೀಲಿನ ಚರಿಗೆ ನನ್ನ ಕಿವಿಯ ಪಕ್ಕದಿಂದ ಹಾದು ಅವನ ಹುಬ್ಬಿಗೆ ಬಡಿಯಿತು. ಅವ್ವ ಎಡಗೈಯಲ್ಲೂ ಗುರಿಕಾರ್ತಿ.

"ನನಗೊಬ್ಬಾಕಿಗೆ ಕೊಡ್ತಾನಂತ. ಈ ದಡ್ಡರು ಎಲ್ಲಿ ಉಣ್ತಾರ?" ಎಂದು ನನ್ನ ಕಡೆ ತಿರುಗಿದಳು. "ಸೇಬು ಬಿಟ್ಟು ಹೋಗ್ಯಾನ ನೋಡು, ಹೆಚ್ಚು."

ಬಲವಂತದಿಂದ ಹೊರಗೆ ಹಾಕಿಸಿಕೊಂಡವನು ಆರು ತಿಂಗಳೊಳಗೆ ಕೋರ್ಟಿಗೆ ಹೋದರೆ ಜಾಗ ವಾಪಸು ಕೇಳಬಹುದು. ನಾವು ಆ ವಾರವೇ ಹೋದೆವು. ಆದರೆ ಎದುರಿನವರ ಮಾತು ಗಟ್ಟಿಯಾಗಿತ್ತು: ಬಲವಂತ ಎಲ್ಲಿದೆ, ಇವರೇ ಕೀಲಿಕೈ ಕೊಟ್ಟರು. ನಮ್ಮೆಲ್ಲರ ಅನ್ನ ಆ ಒಂದು ಮಾತಿನ ಮೇಲೆ ನಿಂತಿತ್ತು. ಬಿಟ್ಟುಕೊಡದೆ ಉಳಿದಿದ್ದವಳು ಅವ್ವ ಒಬ್ಬಳೇ, ಅವಳೇ ಸಾಕ್ಷಿ. ಎದುರು ವಕೀಲರು ಕೇಳಿದರು, "ಬಣ್ಣಕ್ಕೆಂದೇ ಕೀಲಿಕೈ ಕೊಟ್ಟರು ಅಂತ ನಿಮಗೆ ಹೇಗೆ ಗೊತ್ತು?"

"ಬಣ್ಣದವ್ರು ನನ್ನ ಕುಡಿಯೋ ನೀರಿನ ಕೊಡದಾಗ ಸುಣ್ಣದ ಕೈ ಅದ್ದಿದ್ರು. ಕೊಡ ಚೆಲ್ಲಿ, ಬೈದು, ಆಮ್ಯಾಲೆ ಉಣ್ಣಾಕ ಹಾಕೀನಿ. ಹೇಮಗುಡ್ಡದ ಕಡ್ಯಾವ್ರು. ಕರಸಿ ಕೇಳ್ರಿ."

ನಮಗೆ ಯಾರಿಗೂ ಅವರನ್ನು ಹುಡುಕುವುದು ಹೊಳೆದಿರಲಿಲ್ಲ. ನಾನೂ ದರ್ಜಿಯೂ ಹೋಗಿ ಕರೆತಂದೆವು. ಪೂರ್ತಿ ಸಾಲಿಗೆ ಬಣ್ಣವೆಂದು ಕರೆಸಿದ್ದರು, ಆಮೇಲೆ ಬೆಳಿಗ್ಗೆ ಬರಬೇಡಿ ಅಂದರು ಎಂದು ಬಣ್ಣದವರು ಅವ್ವನ ಕೈಯನ್ನೇ ನೋಡುತ್ತ ಹೇಳಿದರು. ಮಳಿಗೆಗಳು ನಮಗೆ ವಾಪಸು ಬಂದವು. ಮಾಲೀಕನಿಗೆ ಹಕ್ಕಿಲ್ಲವೆಂದು ನಾನು ಹೇಳುವುದಿಲ್ಲ. ಬೇಕಾದರೆ ಅವನೂ ಕೋರ್ಟಿನ ಮೂಲಕ ಬರಲಿ, ಹಾರೆಯ ಮೂಲಕ ಬೇಡ. ಈಗ ಅವನು ಆ ದಾರಿಯಲ್ಲೇ ಇದ್ದಾನೆ. ಕೇಸು ನಡೆಯುತ್ತಿದೆ.

ಹೋದ ವರ್ಷ ಒಂದು ಬೆಳಿಗ್ಗೆ ಹಿಟ್ಟು ಕಲಸುತ್ತಿದ್ದ ಅವ್ವ ಹಾಗೆಯೇ ಗೋಡೆಗೆ ಒರಗಿದಳು. ಡಾಕ್ಟರು ಬರುವ ಮೊದಲೇ ಮುಗಿದಿತ್ತು. ಖಾನಾವಳಿಯ ಮುಂದಿನ ಕಟ್ಟೆಯ ಮೇಲೆ, ವಿಭೂತಿ ಹಚ್ಚಿ, ಹೂ ಹಾಕಿ ಅವಳನ್ನು ಕೂರಿಸಿದರು. ಕುಕನೂರಿನಿಂದ ಬಂದ ತಂಗಿ ಮೊದಲು ಮಾಡಿದ ಕೆಲಸ ಒಲೆಯಿಂದ ಕೊಳ್ಳಿ ಹಿರಿದದ್ದು. ಮಣ್ಣಾಗುವ ತನಕ ಸತ್ತವರ ಮನೆಯಲ್ಲಿ ಒಲೆ ಉರಿಯಬಾರದು, ನಮ್ಮ ಕಡೆಯ ಪದ್ಧತಿ.

ಅಷ್ಟರಲ್ಲಿ ಬೀದಿಯ ತುದಿಯಲ್ಲಿ ಅಳಿಯ ಕಂಡ. ಕೈಯಲ್ಲಿ ಮಾಲೆ, ಹಿಂದೆ ಬೈಕುಗಳ ಮೇಲೆ ಇಬ್ಬರು. ನನ್ನ ಪಕ್ಕೆ ಹಳೆ ನೋವನ್ನು ನೆನಪಿಸಿತು. ವಕೀಲರು ಮೊದಲೇ ಹೇಳಿದ್ದರು, ಅವ್ವನ ನಂತರ ಹಕ್ಕು ಕೇಳಬೇಕಾದರೆ ಮಗಳು ಆ ಮಳಿಗೆಯಲ್ಲೇ ದುಡಿಯುತ್ತಿರಬೇಕು, ಖಾನಾವಳಿ ನಡೆಯುತ್ತಿರಬೇಕು. ಮಣ್ಣಿಗೆ ಎಲ್ಲರೂ ಹೋಗುವ ಹೊತ್ತು ಬಾಗಿಲು ಮುಚ್ಚುತ್ತದೆ, ಒಲೆ ತಣ್ಣಗಿರುತ್ತದೆ. ಖಾನಾವಳಿ ನಿಂತುಹೋಗಿದೆ ಎನ್ನಲು ಅವನಿಗೆ ಅಷ್ಟು ಸಾಕು. ನಾನು ಮಗಳ ಮುಖ ನೋಡಿದೆ. ಅವಳು ಅವನನ್ನು ನೋಡಿದ್ದಳು.

ಎದ್ದು ಕಣ್ಣು ತೊಳೆದುಕೊಂಡು, ಕೊಳ್ಳಿಗಳನ್ನು ಮತ್ತೆ ಒಲೆಗೆ ನೂಕಿ ಊದಿದಳು. ಚಿಕ್ಕಮ್ಮ ಎದೆ ಬಡಿದುಕೊಂಡಳು.

"ಹೆಣ ಕುಂತೈತಿ ಮುಂದ! ಒಲಿ ಹಚ್ಚತೀಯೇನ, ಹುಚ್ಚಿ?"

"ಅಕಿ ಇರೂತನಾ ಇದು ಆರಿಲ್ಲ ಚಿಗವ್ವಾ. ಈಗ ಆರಸಿದ್ರ ಎದ್ದು ಬಂದು ಬಡೀತಾಳ."

ಅವ್ವ ಕಲಸಿಟ್ಟ ಹಿಟ್ಟು ಹಾಗೇ ಇತ್ತು. ಮಗಳು ಅದೇ ಹಿಟ್ಟನ್ನು ನಾದಿ ಬಡಿಯತೊಡಗಿದಳು. ಕಲ್ಲಿನ ಸದ್ದು ಬೀದಿಗೆ ಕೇಳಿತು, ಹೊಗೆ ಶಟರಿನಿಂದ ಹೊರಗೆ ಬಂತು. ಅಳಿಯ ಹತ್ತಿರ ಬಂದು ನಿಂತ. ಹುಬ್ಬಿನ ಮೇಲೆ ಚರಿಗೆಯ ಗಾಯದ ಕಲೆ ಇನ್ನೂ ಇತ್ತು.

"ಬರ್ರಿ ಸಾಹುಕಾರ್ರ," ಎಂದಳು ಮಗಳು ಬಡಿಯುತ್ತಲೇ. "ಮಾಲಿ ಅವ್ವಗ ಹಾಕಿ ಒಳಗ ಬರ್ರಿ. ಖಾನಾವಳಿ ಚಾಲೂ ಐತಿ."

ಅವನು ಮಾಲೆ ಹಾಕಿದ, ಒಳಗೆ ಬರಲಿಲ್ಲ. ಬೈಕುಗಳು ತಿರುಗಿದವು.

ಹಮಾಲರು ಬಂದು ಸಾಲಾಗಿ ಕೂತರು. ನಾನೂ ಕೂತೆ. ಮಣ್ಣಿಗೆ ಹೋಗುವಾಗಲೂ ದರ್ಜಿಯ ಹೆಂಡತಿ ಒಲೆಯ ಮುಂದೆ ಉಳಿದಳು. ಈಗ ದೀಪಾವಳಿಗೆ ನನ್ನ ಮಳಿಗೆಗೆ ನಾನೇ ಸುಣ್ಣ ಬಳಿಯುತ್ತೇನೆ, ಕೀಲಿಕೈ ಉಡಿದಾರದಿಂದ ಬಿಚ್ಚುವುದಿಲ್ಲ. ಅವ್ವ ತೀರಿದ ದಿನ ತಟ್ಟೆಗೆ ಬಿದ್ದ ರೊಟ್ಟಿಯ ಮೇಲೆ ಐದೂ ಬೆರಳಿನ ಗುರುತಿತ್ತು, ಅಂಚು ಎಲ್ಲ ಕಡೆ ಒಂದೇ ಸಮ. ಮುರಿದು ಉಂಡೆವು.