ಒಂದು ವಾಟಿಗೆ ಎಷ್ಟು ಚಿತ್ರ

ಚಿಪ್ ಕಾರ್ಖಾನೆಗಳ ಊರಾದ ಸಿಂಚುವಿನಲ್ಲಿ ಬೆಳಕು ಹರಿಯುವ ಮೊದಲೇ ಗಾಳಿ ಎದ್ದಿರುತ್ತದೆ. ಲ್ಯಾಪ್‌ಟಾಪ್ ಕಾರ್ಖಾನೆಯ ಪರೀಕ್ಷಾ ಕೋಣೆಯಲ್ಲಿ ಪೆಂಗ್ ಶ್ಯೋಲಾನ್ ದಪ್ಪ ಕೋಟು ತೊಟ್ಟು ಎರಡು ಲ್ಯಾಪ್‌ಟಾಪ್‌ಗಳ ಮುಂದೆ ಕುಳಿತಿದ್ದಾರೆ. ಹೊರಮೈ ಒಂದೇ, ಒಳಗಿನ ಗ್ರಾಫಿಕ್ಸ್ ಚಿಪ್ ಮಾತ್ರ ಪೈಪೋಟಿಗಿಳಿದ ಎರಡು ಕಂಪನಿಗಳದು. ಒಂದಕ್ಕೆ ಕೆಂಪು ಪಟ್ಟಿ, ಇನ್ನೊಂದಕ್ಕೆ ನೀಲಿ. ಎರಡರಲ್ಲೂ ಒಂದೇ ಆಟ ಓಡಿಸಿ, ಪ್ರತಿ ವಾಟ್ ವಿದ್ಯುತ್ತಿಗೆ ಯಾವುದು ಹೆಚ್ಚು ಚಿತ್ರ ಮೂಡಿಸುತ್ತದೆಂದು ಅಳೆಯುವುದು ಇವರ ಕೆಲಸ. ಗೆದ್ದ ಚಿಪ್ ಮುಂದಿನ ವರ್ಷದ ಲ್ಯಾಪ್‌ಟಾಪ್ ಸೇರುತ್ತದೆ. ಸೋತದ್ದನ್ನು ಯಾರೂ ಕೇಳುವುದಿಲ್ಲ.

ಹದಿನೆಂಟು ವರ್ಷ ಬೆಸುಗೆ ಹಾಕಿ ಕಣ್ಣು ಮಂಜಾದ ಮೇಲೆ ಈ ಮೇಜು ಸಿಕ್ಕಿತು. "ಅಲ್ಲಿ ಹೊಗೆ, ಇಲ್ಲಿ ಚಳಿ. ಚಳೀನೇ ವಾಸಿ," ಎನ್ನುತ್ತಾರೆ. ಯಂತ್ರ ಮುನಿಯದಿರಲೆಂದು ಊರಿನ ಎಲ್ಲರಂತೆ ಇವರೂ ಅದರ ಮೇಲೆ ಕುರುಕಲು ತಿಂಡಿಯ ಹಸಿರು ಪೊಟ್ಟಣ ಇಡುತ್ತಾರೆ. ಸಿಗ್ನಲ್ ದೀಪದಂತೆ ಹಸಿರೇ ಆಗಬೇಕು, ತಾರೀಖು ಮೀರಿರಬಾರದು. ಮೊನ್ನೆ ನೀಲಿ ಎರಡು ಸಲ ನಿಂತುಹೋದಾಗ ಅದಕ್ಕೆ ದೊಡ್ಡ ಪೊಟ್ಟಣವನ್ನೇ ಇಟ್ಟಿದ್ದರು.

ಇಂದು ಆಟ ಓಡುತ್ತಿರುವಾಗಲೇ ಆ ಪೊಟ್ಟಣ ಎತ್ತುತ್ತಾರೆ. ತಳ ಬಿಸಿಯಾಗಿದೆ. ಕೀಲಿಮಣೆಯ ಹಿಂದಿನ ಗಾಳಿಕಿಂಡಿಯನ್ನು ಪೊಟ್ಟಣ ಪೂರ್ತಿ ಮುಚ್ಚಿತ್ತು. ಚಿಪ್ ಕಾದು ಕುಂಟಿದೆ. ನೀಲಿ ಸೋತಿತೆಂಬ ವರದಿ ನಿನ್ನೆಯೇ ಹೋಗಿದೆ, ತೀರ್ಮಾನದ ಸಭೆ ಇವತ್ತೇ. ಕಳಿಸಿದ ವರದಿ ವಾಪಸು ಕೇಳಿದವರು ಈ ಮೇಜಿನಲ್ಲಿ ಉಳಿದದ್ದಿಲ್ಲ. ಪೆಂಗ್ ಅವರಿಗೆ ಭಯವಾಗುತ್ತದೆ. ಆದರೂ ಮ್ಯಾನೇಜರ್ ಟೂ ಅವರ ಬಾಗಿಲು ತಟ್ಟುತ್ತಾರೆ.

"ಮ್ಯಾನೇಜರೇ, ನಿನ್ನೆ ಅಳತೆ ತಪ್ಪು. ಪೊಟ್ಟಣ ಗಾಳಿಕಿಂಡಿ ಮೇಲಿತ್ತು."

"ತಿಂಡಿ ಪೊಟ್ಟಣ ಚಿಪ್ಪನ್ನ ಸೋಲಿಸ್ತು ಅಂತ ಸಭೇಲಿ ಹೇಳ್ಲಾ ಅಕ್ಕ?"

"ಹೇಳಿ. ಇಟ್ಟವಳು ನಾನು ಅಂತಾನೂ ಹೇಳಿ."

"ನೀಲಿ ಗೆಲ್ಲುತ್ತಾ?"

"ಗೊತ್ತಿಲ್ಲ. ಮತ್ತೆ ಅಳೀಬೇಕು."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿಯವರು ಟೂ. ಸಭೆಯನ್ನು ಸಂಜೆಗೆ ತಳ್ಳುತ್ತಾರೆ. ಸೋಮವಾರದಿಂದ ಅಕ್ಕ ಕೀಲಿಮಣೆಯ ಕೀಲಿ ಒತ್ತಿ ನೋಡುವ ವಿಭಾಗಕ್ಕೆ ಎಂದೂ ಹೇಳುತ್ತಾರೆ. ಪೆಂಗ್ ತಲೆಯಾಡಿಸಿ, ಸೋಯಾ ಹಾಲು ಕುಡಿದು ಅಳತೆಗೆ ಕೂರುತ್ತಾರೆ.

ಸಂಜೆಯ ಹೊತ್ತಿಗೆ ಅಂಕಿ ಸಿದ್ಧ. ನೀಲಿ ಮತ್ತೆ ಸೋತಿದೆ, ಈ ಸಲ ಕೂದಲೆಳೆಯಷ್ಟು ಅಂತರದಲ್ಲಿ. ನೀಲಿ ಚಿಪ್ಪಿನ ಕಂಪನಿಯಿಂದ ಸಭೆಗೆ ಬಂದ ಎಂಜಿನಿಯರ್ ಕೋ ಮೂರು ವರ್ಷ ಅದಕ್ಕಾಗಿ ದುಡಿದವನು. ಬಾಗಿಲಲ್ಲಿ ನಿಂತು ನಗಲು ನೋಡುತ್ತಾನೆ.

"ಅಕ್ಕ, ಅಷ್ಟೆಲ್ಲಾ ಮಾಡಿ ನೀವೂ ಮೇಜು ಕಳಕೊಂಡ್ರಿ, ನಾವೂ ಸೋತ್ವಿ."

ಪೆಂಗ್ ತಂತಿ ಸುತ್ತುತ್ತಾ ತಲೆಯೆತ್ತದೆ ಹೇಳುತ್ತಾರೆ: "ಸೋತ್ರಿ ಕಣಪ್ಪಾ. ಆದ್ರೆ ನಿನ್ನೆ ನಾನು ಸೋಲಿಸಿದ್ದೆ. ಇವತ್ತು ನೀವೇ ಸೋತಿದ್ದೀರಿ."