ಗಾಡಿ ನನ್ನ ಹೆಸರಿನಲ್ಲಿತ್ತು

ನನ್ನ ಗಂಡ ಐವತ್ತು ದಾಟಿದ ಮೇಲೆ ಸ್ಪೋರ್ಟ್ಸ್ ಕಾರು ಕೊಂಡರು. ಮೂಡಲಗಿಯಲ್ಲಿ ಅವರದು ನೀರೆತ್ತುವ ಮೋಟರು, ಪೈಪು ಮಾರುವ ಅಂಗಡಿ. ಗೋಕಾಕದಲ್ಲಿ ನನ್ನದು ರಕ್ತ ತಪಾಸಣೆಯ ಲ್ಯಾಬು. ಮನೆಯೂ ಗೋಕಾಕದಲ್ಲೇ. ಅವರು ಬೆಳಗ್ಗೆ ಮೂಡಲಗಿಗೆ ಹೋಗಿ ಸಂಜೆ ಬರುವುದು, ನಾನು ಹಳೆಯ ಸಣ್ಣ ಕಾರಿನಲ್ಲಿ ಲ್ಯಾಬಿಗೆ ಹೋಗಿ ಬರುವುದು, ಹೀಗೆ ನಮ್ಮ ಸಂಸಾರ ಬಹಳ ವರ್ಷ ನಡೆದಿತ್ತು. ಅಂಥದರಲ್ಲಿ ಒಂದು ದಿನ ಎರಡೇ ಸೀಟಿನ, ನೆಲಕ್ಕೆ ಅಂಟಿದಂತಿದ್ದ ಬೂದು ಬಣ್ಣದ ಗಾಡಿಯೊಂದು ಪುಣೆಯಿಂದ ಬಂದು ನಮ್ಮ ಅಂಗಳದಲ್ಲಿ ನಿಂತಿತು.

ನಾಗನೂರಿನಲ್ಲಿ ಹಿರಿಯ ಮಗನ ಜೊತೆಗಿರುವ ನಮ್ಮ ಅತ್ತೆ ಅದನ್ನು ನೋಡಲೆಂದೇ ಬಂದರು. ಸುತ್ತ ಒಂದು ಸಲ ತಿರುಗಿ, ಗಾಜಿನಿಂದ ಒಳಗೆ ಇಣುಕಿ, ಮಗನನ್ನು ಕೇಳಿದರು:

"ಇದರಾಗ ನಾ ಎಲ್ಲಿ ಕುಂಡ್ರಬೇಕೋ?"

"ಮುಂದ ಕುಂಡ್ರು, ಅವ್ವ."

"ಹಂಗಾದ್ರ ಆಕಿ ಎಲ್ಲಿ ಕುಂಡ್ರಬೇಕು?"

ಅತ್ತೆ ಉತ್ತರಕ್ಕೆ ಕಾಯಲಿಲ್ಲ. ಬಾನೆಟ್ಟಿಗೆ ವಿಭೂತಿ ಹಚ್ಚಿ ಒಳಗೆ ಹೋದರು.

ನಮ್ಮ ಕಡೆಯ ರಸ್ತೆಗಳಿಗೆ ಹೇಳಿ ಮಾಡಿಸಿದ ಗಾಡಿ ಅದಾಗಿರಲಿಲ್ಲ. ರಸ್ತೆಯಲ್ಲಿ ದೊಡ್ಡ ಹಂಪು ಬಂದರೆ ಗಾಡಿಯ ಹೊಟ್ಟೆ ತಾಗುತ್ತಿತ್ತು. ಆಗ ಅವರು ಗಾಡಿ ನಿಲ್ಲಿಸುತ್ತಿದ್ದರು, ಭಾರ ಕಡಿಮೆಯಾಗಲೆಂದು ನಾನು ಇಳಿಯುತ್ತಿದ್ದೆ, ಗಾಡಿ ಓರೆಯಾಗಿ ಮೆಲ್ಲಗೆ ದಾಟುತ್ತಿತ್ತು, ನಾನು ನಡೆದು ಹೋಗಿ ಮತ್ತೆ ಹತ್ತುತ್ತಿದ್ದೆ. ಧುಪದಾಳದ ಹತ್ತಿರ ಬಸ್ಸಿಗೆ ಕಾಯುತ್ತಿದ್ದ ಹೆಂಗಸರು ನಮ್ಮಿಬ್ಬರಿಗೂ ಜಗಳವಾಗಿದೆಯೆಂದು ತಿಳಿದು ನನ್ನನ್ನು ಕನಿಕರದಿಂದ ನೋಡಿದ್ದುಂಟು.

ಗಾಡಿಯನ್ನು ಅವರು ನನ್ನ ಹೆಸರಿನಲ್ಲಿ ಮಾಡಿಸಿದ್ದರು. ಅಂಗಡಿಯಲ್ಲಿ ಅಣ್ಣನ ಪಾಲೂ ಇದೆ, ನಾಳೆ ಯಾರೂ ಒಂದು ಮಾತು ಅನ್ನಬಾರದು ಎಂದು ಕಾರಣ ಹೇಳಿದ್ದರು. ನಾನು ಕೇಳಿದ ಕಡೆ ಸಹಿ ಹಾಕಿದ್ದೆ. ಕಾರುಗಳ ಬಗ್ಗೆ ನನಗೆ ಆಸೆಯೂ ಇರಲಿಲ್ಲ, ಬೇಸರವೂ ಇರಲಿಲ್ಲ.

ಹೊಸ ಮಾಲೀಕರಿಗೆಂದು ಕಂಪನಿಯವರು ಒಂದು ದಿನದ ಡ್ರೈವಿಂಗ್ ಶಾಲೆ ಇಟ್ಟಿದ್ದರು. ತಮಿಳುನಾಡಿನಲ್ಲಿ ರೇಸಿನ ಟ್ರ್ಯಾಕು, ಗಾಡಿ ಅವರದೇ, ಕಲಿಸುವವರೂ ಅವರೇ. ಮೊದಲೇ ಫೋನು ಮಾಡಿ ಜಾಗ ಕಾಯ್ದಿರಿಸಬೇಕು. ಗಾಡಿ ಬಂದ ದಿನದಿಂದ ನನ್ನ ಗಂಡನ ಬಾಯಲ್ಲಿ ಅದೇ ಮಾತು. ಗಾಡಿಗಿಂತ ಆ ಒಂದು ದಿನದ ಮೇಲೇ ಅವರ ಮನಸ್ಸು ಹೆಚ್ಚಿದೆಯೇನೋ ಎಂದು ನನಗೆ ಅನ್ನಿಸಿತ್ತು. ಒಂದು ಮಧ್ಯಾಹ್ನ ಊಟ ಮುಗಿಸಿ, "ಅವರ ಇಂಗ್ಲಿಷ್ ನಿನಗ ತಿಳೀತೈತಿ, ನೀನ ಮಾತಾಡು," ಎಂದು ಫೋನನ್ನು ನನ್ನ ಕೈಗೆ ಕೊಟ್ಟು ಎದುರಿಗೆ ಕುಳಿತರು.

ಆ ಕಡೆ ಒಬ್ಬ ಹುಡುಗಿ ಮಾತಾಡಿದಳು. ಗಾಡಿಯ ನಂಬರು ಕೇಳಿ, ಹೆಸರು ನೋಡಿಕೊಂಡು, "ಮಾಲೀಕರು ನೀವೇ ತಾನೆ, ಮೇಡಂ?" ಎಂದಳು.

"ಹೌದು. ಆದರೆ ಬರುವವರು ನನ್ನ ಗಂಡ."

"ಕ್ಷಮಿಸಿ ಮೇಡಂ, ಗಾಡಿ ಯಾರ ಹೆಸರಿನಲ್ಲಿದೆಯೋ ಅವರಿಗೆ ಮಾತ್ರ ಅವಕಾಶ. ನಿಮ್ಮ ಹೆಸರನ್ನೇ ಹಾಕಲೇ?"

ಸ್ಪೀಕರ್ ಹಾಕಿದ್ದರಿಂದ ಅವರಿಗೂ ಎಲ್ಲ ಕೇಳಿಸುತ್ತಿತ್ತು. ಕೈ ಆಡಿಸಿ ಬೇಡವೆಂದರೋ, ಹೂಂ ಎನ್ನು ಎಂದರೋ ನನಗೆ ಸ್ಪಷ್ಟವಾಗಲಿಲ್ಲ. ಹುಡುಗಿ ಕಾಯುತ್ತಿದ್ದಳು. ಗಾಡಿ ಹೆಸರಿಗೆ ಮಾತ್ರ ನನ್ನದು, ನನಗೆ ಅದನ್ನು ಓಡಿಸಲೂ ಬರುವುದಿಲ್ಲ ಎಂದು ಒಬ್ಬ ಅಪರಿಚಿತಳ ಮುಂದೆ ಹೇಳಲು ನನಗೆ ಮನಸ್ಸಾಗಲಿಲ್ಲ. "ಹಾಕಿ," ಎಂದೆ. ಅವಳು ಹೇಳಿದ ದಿನಗಳಲ್ಲಿ ಲ್ಯಾಬಿಗೆ ಅಡಚಣೆಯಾಗದ ಒಂದನ್ನು ಆರಿಸಿದೆ. ಅತಿಥಿಯಾಗಿ ಒಬ್ಬರು ಬರಬಹುದೆಂದಳು. ಅವರ ಹೆಸರನ್ನು ಅಲ್ಲಿ ಬರೆಸಿದೆ.

ಫೋನು ಇಟ್ಟು ಅವರ ಮುಖ ನೋಡಿದೆ.

"ರದ್ದ ಮಾಡ್ಲೇನ್ರಿ?" ಎಂದೆ.

"ಬ್ಯಾಡ. ಬಂದ ಜಾಗಾ ಯಾಕ ಬಿಡೂದು. ನೀನ ಹೋಗು."

ಮರುದಿನ ಅಂಗಡಿಯಿಂದ ಅವರೇ ಆ ನಂಬರಿಗೆ ಹಿಂದಿಯಲ್ಲಿ ಮಾತಾಡಿ ನೋಡಿದ್ದರೆಂದು ಆಮೇಲೆ ತಿಳಿಯಿತು. ಅವರಿಗೂ ಅದೇ ಉತ್ತರ ಸಿಕ್ಕಿತ್ತು.

ಓಡಿಸಲು ಗೊತ್ತಿಲ್ಲದ ಗಾಡಿಯ ಶಾಲೆಗೆ ಹಾಗೇ ಹೋಗುವುದು ಸರಿಯಲ್ಲವೆಂದು ಭಾನುವಾರಗಳಲ್ಲಿ ಅವರು ನನಗೆ ಕಲಿಸಲು ಶುರು ಮಾಡಿದರು. ಹುಕ್ಕೇರಿ ನನ್ನ ತವರು. ಅಲ್ಲಿ ತಮ್ಮನ ಮನೆಯಲ್ಲಿ ನಾಷ್ಟಾ ಮುಗಿಸಿ ಸಂಕೇಶ್ವರದ ಮೇಲೆ ಹಾಯ್ದು ಹೆದ್ದಾರಿಗೆ ಹೋಗುತ್ತಿದ್ದೆವು. ಅಲ್ಲಿಯವರೆಗೆ ಅವರು, ಹೆದ್ದಾರಿಯಲ್ಲಿ ನಾನು. ಕಲಿಸುವುದರಲ್ಲಿ ಅವರಿಗೆ ತಾಳ್ಮೆಯಿತ್ತು. ನನ್ನ ಹೊಸತನದ ಭಯ ಬೇಗ ಹೋಯಿತು. ಗಾಡಿ ಹೇಳಿದ ಮಾತು ಕೇಳುತ್ತಿತ್ತು. ನನ್ನ ಹಳೆಯ ಕಾರಿನಂತೆ ಯೋಚನೆ ಮಾಡಿ ಕೇಳುತ್ತಿರಲಿಲ್ಲ, ಅಷ್ಟೇ.

ಅಂಥ ಒಂದು ಭಾನುವಾರ ಹೆದ್ದಾರಿ ಬಿಟ್ಟು ಕಣಗಲಾದ ಕಡೆಯ ಸಣ್ಣ ರಸ್ತೆಗೆ ಇಳಿದಿದ್ದೆವು. ಕಬ್ಬಿನ ಹಂಗಾಮು. ನಾನು ಓಡಿಸುತ್ತಿದ್ದೆ. ಎಡಗಡೆಯ ಹೊಲದ ದಾರಿಯಿಂದ ಕಬ್ಬು ಹೇರಿದ ಟ್ರ್ಯಾಕ್ಟರು ರಸ್ತೆಗೆ ಬರುತ್ತಿತ್ತು. ಅವಸರವೇನೂ ಇಲ್ಲದೆ, ದೂರದಿಂದಲೇ ಕಾಣುವಂತೆ ಬರುತ್ತಿತ್ತು. ನಾನು ನಿಲ್ಲಿಸಿದೆ.

"ಯಾಕ ನಿಂತಿ?" ಎಂದರು ಅವರು.

ಅವರು ಕುಳಿತದ್ದು ಎಡಗಡೆಯ ಸೀಟಿನಲ್ಲಿ. ಟ್ರ್ಯಾಕ್ಟರು ಅವರ ಕಿಟಕಿಯ ಪಕ್ಕದಲ್ಲೇ ಬರುತ್ತಿತ್ತು. ಅದು ನಮ್ಮ ಗಾಡಿಯ ಮೂತಿಯ ಮುಂದೆ ಬಂದಾಗ ಮಾತ್ರ ಅವರ ತಲೆ ಸ್ವಲ್ಪ ಹಿಂದಕ್ಕೆ ಸರಿಯಿತು.

ಮತ್ತೆ ಹೆದ್ದಾರಿಗೆ ಬಂದು ಒಂದು ಚಹಾದಂಗಡಿಯ ಮುಂದೆ ನಿಲ್ಲಿಸಿದೆ. ಇಬ್ಬರಿಗೂ ಚಹಾ ಬಂತು. ಅವರ ಎದುರಿನ ಬೆಂಚಿಗೆ ಹೋಗಿ ಕುಳಿತೆ.

"ನನ್ನ ಮೂಗ ನೋಡ್ರಿ. ಅತ್ಲಾಗ ಇತ್ಲಾಗ ನೋಡಬ್ಯಾಡ್ರಿ. ನನ್ನ ಬಟ್ಟ ಕಂಡ ಕೂಡ್ಲೇ ಹೇಳ್ರಿ."

ಓದುವಾಗ ಕಲಿತಂತೆ ಎಡಗಣ್ಣು, ಬಲಗಣ್ಣು ಒಂದೊಂದೇ ಮುಚ್ಚಿಸಿ, ನನ್ನ ಬೆರಳನ್ನು ಪಕ್ಕದಿಂದ ಮೆಲ್ಲಗೆ ಒಳಕ್ಕೆ ತಂದೆ. ಬಲಗಡೆ ಸ್ವಲ್ಪ ತಡವಾಗಿ ಹೂಂ ಎಂದರು. ಎಡಗಡೆ ಬೆರಳು ನನ್ನ ಕಿವಿಯ ಹತ್ತಿರ ಬರುವವರೆಗೂ ಸುಮ್ಮನಿದ್ದರು. ಚಹಾದಂಗಡಿಯವರು ಇದೇನು ಆಟವೆಂದು ನಮ್ಮನ್ನು ನೋಡುತ್ತಿದ್ದರು.

"ಯಾವಾಗಿಂದ?" ಎಂದು ಕೇಳಿದೆ.

ಅವರು ಕಪ್ಪು ಕೈಗೆತ್ತಿಕೊಂಡು ಹಾಗೇ ಇಟ್ಟರು. "ಮಿರಜಿನ್ಯಾಗ ತೋರಿಸೇನಿ. ಗ್ಲಾಕೋಮಾ ಅಂದ್ರು, ಕಣ್ಣಾಗ ಒತ್ತಡ ಏರಿ ಮಗ್ಗಲದ ನೋಟ ಹೋಗತೈತಂತ. ಹ್ವಾದದ್ದು ಬರಂಗಿಲ್ಲ, ಇದ್ದದ್ದು ಉಳಸ್ಕೋಬೇಕು ಅಂದ್ರು. ಡ್ರಾಪ್ಸ್ ಹಾಕ್ಕೊಳ್ಳಾಕತ್ತೇನಿ. ಅಂಗಡಿಯಾಗ ಇಟ್ಟೇನಿ."

"ಗಾಡಿ ತಗೊಳ್ಳೋಕಿಂತ ಮೊದಲೋ, ಆಮ್ಯಾಲೋ?"

"ಮೊದಲ."

ರಸ್ತೆಯ ಮೇಲೆ ಲಾರಿಗಳು ಹೋಗುತ್ತಿದ್ದವು. ಅವರು ಅದನ್ನೇ ನೋಡುತ್ತ ಮಾತಾಡಿದರು. "ಸಣ್ಣಾಂವ ಇದ್ದಾಗಿಂದ ಇತ್ತು ಆಸೆ. ಇನ್ನ ತಡಾ ಮಾಡಿದ್ರ ಆಗೂದಲ್ಲ ಅನಿಸ್ತು. ಮುಂದ ನೀನ ಓಡಸ್ತಿ ಅಂತನ ನಿನ್ನ ಹೆಸರಿಗಿ ಮಾಡಿಸಿದೆ. ಆ ಡ್ರೈವಿಂಗ್ ಸಾಲಿ ಐತೆಲ್ಲಾ, ಅಲ್ಲಿ ಅಡ್ಡ ಬರಾವ್ರು ಯಾರೂ ಇರಂಗಿಲ್ಲ. ಟ್ರ್ಯಾಕ್ಟರ್ ಇಲ್ಲ, ಎಮ್ಮಿ ಇಲ್ಲ, ಸೈಕಲ್ ಇಲ್ಲ. ಎಲ್ಲಾ ಗಾಡಿ ಒಂದ ದಿಕ್ಕಿಗಿ ಹೊಂಟಿರತಾವ. ಅಂಥಲ್ಲಿ ಒಮ್ಮಿ ಪೂರಾ ಓಡಸಬೇಕಂತಿತ್ತು. ಹೆಸರಿನ ಕಾಯ್ದೆ ಗೊತ್ತಿರಲಿಲ್ಲ."

"ದಿನಾ ಮೂಡಲಗಿಗೆ ಇದ ಕಣ್ಣಿನ್ಯಾಗ ಓಡಿಸಿಕೊಂಡ ಹೋಗಾಕತ್ತೀರಿ?"

ಅವರು ಚಹಾದ ಮೇಲಿನ ಕೆನೆಯನ್ನು ಬೆರಳಿನಿಂದ ತೆಗೆದರು.

"ನಾಳಿಂದ ಬಸ್ಸಿಗೆ ಹೋಗ್ರಿ."

"ಹೂಂ."

ಚಹಾ ಕುಡಿದೆವು. ಗೋಕಾಕದವರೆಗೆ ನಾನೇ ಓಡಿಸಿಕೊಂಡು ಬಂದೆ. ಆಗ ನನಗೆ ಏನೂ ಅನ್ನಿಸಿದ ನೆನಪಿಲ್ಲ. ಮರುದಿನ ಮೈಕ್ರೋಸ್ಕೋಪಿನ ಮುಂದೆ ಕುಳಿತಾಗ ಸಿಟ್ಟು ಬಂತು. ಒಂದು ಸ್ಲೈಡನ್ನು ಎರಡೆರಡು ಸಲ ನೋಡಬೇಕಾಯಿತು. ಊರಿನವರ ಕಾಯಿಲೆಗಳೆಲ್ಲ ನನ್ನ ಮೇಜಿನ ಮೇಲೆ ಹಾಯ್ದು ಹೋಗುತ್ತವೆ. ಮನೆಯದು ಮಾತ್ರ ಮಿರಜಿಗೆ ಹೋಗಿ, ಮೂಡಲಗಿಯ ಅಂಗಡಿಯಲ್ಲಿ ಕುಳಿತಿತ್ತು. ಸಂಜೆಯ ಹೊತ್ತಿಗೆ ಸಿಟ್ಟು ಇಳಿಯಿತು. ಡ್ರಾಪ್ಸಿನ ಬಾಟಲಿಯನ್ನು ಮನೆಗೆ ತರಿಸಿ ಫ್ರಿಜ್ಜಿನ ಬಾಗಿಲಲ್ಲಿ ಇಟ್ಟೆ.

ಶಾಲೆಗೆ ಹೋಗುವುದೋ ಬಿಡುವುದೋ ಎಂಬ ಮಾತು ಮತ್ತೆ ಬಂತು. ಅವರು ಬಿಡಲಿಲ್ಲ. "ನಾ ನೋಡತೇನಿ, ನೀ ಓಡಸು," ಎಂದರು. ರೈಲಿನಲ್ಲಿ ಹೋದೆವು.

ಟ್ರ್ಯಾಕು ನಾನು ತಿಳಿದಷ್ಟು ದೊಡ್ಡದಿರಲಿಲ್ಲ, ಆದರೆ ಬಹಳ ಸ್ವಚ್ಛವಾಗಿತ್ತು. ಬೇರೆ ಬೇರೆ ಊರುಗಳಿಂದ ಬಂದ ಗಂಡಸರಿದ್ದರು. ಹೆಂಗಸು ನಾನೊಬ್ಬಳೇ. ಅದನ್ನು ಯಾರೂ ದೊಡ್ಡದು ಮಾಡಲಿಲ್ಲ. ನನಗೆ ಕಲಿಸಿದವರು ಒಂದು ಕಾಲದಲ್ಲಿ ರೇಸು ಓಡಿಸಿದ್ದ, ತಲೆ ಪೂರ್ತಿ ನರೆತ ಒಬ್ಬರು. ಹಿಂದಿ, ಇಂಗ್ಲಿಷು ಎರಡನ್ನೂ ಬೆರೆಸಿ ಕಡಿಮೆ ಮಾತಾಡುತ್ತಿದ್ದರು. ಮೊದಲು ಕುಳಿತುಕೊಳ್ಳುವುದನ್ನು ಕಲಿಸಿದರು. ಆಮೇಲೆ ಬ್ರೇಕು. ನೇರ ರಸ್ತೆಯಲ್ಲಿ ಜೋರಾಗಿ ಬಂದು, ಗುರುತಿಗೆ ಇಟ್ಟ ಕೇಸರಿ ಕೋನಿನ ಹತ್ತಿರ ಇದ್ದಷ್ಟು ಬಲ ಹಾಕಿ ಬ್ರೇಕು ಒತ್ತಬೇಕು.

ನಾನು ಒತ್ತಿದೆ. ಗಾಡಿ ನಿಂತಿತು. ಅವರು ತಲೆಯಾಡಿಸಿದರು. "ಮೇಡಂ, ನೀವು ಬ್ರೇಕಿನ ಹತ್ತಿರ ವಿನಂತಿ ಮಾಡಿಕೊಳ್ಳುತ್ತಿದ್ದೀರಿ. ಹಿಂದೆ ಯಾರೂ ಇಲ್ಲ. ಒದೆಯಿರಿ."

ಮುಂದಿನ ಸಲ ಒದ್ದೆ. ಕಾಲಡಿಯ ಪೆಡಲು ಗಡಗಡ ನಡುಗಿತು, ಬೆಲ್ಟು ಎದೆಯನ್ನು ಬಿಗಿಯಿತು, ಗಾಡಿ ಕೋನಿನಿಂದ ಅಷ್ಟೇನೂ ದೂರ ಹೋಗದೆ ನೆಟ್ಟಗೆ ನಿಂತಿತು. ಇಷ್ಟು ವರ್ಷ ಗಾಡಿ ಓಡಿಸಿಯೂ ನಾನು ಒಮ್ಮೆಯೂ ಪೂರ್ತಿ ಬ್ರೇಕು ಹಾಕಿರಲಿಲ್ಲವೆಂದು ಅಲ್ಲಿ ತಿಳಿಯಿತು. ಊಟಕ್ಕೆ ಮೊದಲು ತಿರುವುಗಳಲ್ಲೂ ಕೆಲವು ಸುತ್ತು ಓಡಿಸಿದೆ.

ಊಟದ ಹೊತ್ತಿಗೆ ನನ್ನ ಗಂಡ ಅತಿಥಿಗಳ ಕಟ್ಟೆಯಿಂದ ಇಳಿದು ಬಂದರು. ಬೆಳಗಿನಿಂದ ಬೇಲಿ ಹಿಡಿದು ನಿಂತೇ ನೋಡಿದ್ದರು. ಕಲಿಸುವವರು ನಮ್ಮ ಮೇಜಿಗೇ ಬಂದು ಕುಳಿತರು. ನಾನು ಯೋಚನೆ ಮಾಡಿಯೇ ಹೇಳಿದೆ: ಗಾಡಿಯ ಆಸೆ ಇವರದು, ಹೆಸರು ನನ್ನದು, ಇವರ ಕಣ್ಣು ಹೀಗಿದೆ. ಮರೆಮಾಚದೆ ಎಲ್ಲ ಹೇಳಿದೆ. ಪಕ್ಕದಲ್ಲಿದ್ದ ನನ್ನ ಗಂಡ ಸಾರಿನಲ್ಲಿ ಅನ್ನ ಕಲಸುತ್ತಲೇ ಇದ್ದರು.

ಆ ಮನುಷ್ಯ ಪ್ರಶ್ನೆಗಳನ್ನು ನೇರವಾಗಿ ಅವರಿಗೇ ಕೇಳಿದರು. ಎದುರಿಗೆ ಎಷ್ಟು ಕಾಣುತ್ತದೆ, ಆ ಕಂಬ ಕಾಣುತ್ತದೆಯೇ, ಅದರ ಮೇಲಿನ ಅಂಕಿ ಯಾವುದು. ಇವರು ಸರಿಯಾಗಿ ಹೇಳಿದರು. ಎದುರಿನ ನೋಟ ಅವರಿಗೆ ಚೆನ್ನಾಗಿಯೇ ಇತ್ತು.

"ತಿರುವುಗಳಲ್ಲಿ ಬಿಡಲಾರೆ," ಎಂದರು ಆತ. "ಬ್ರೇಕಿನ ನೇರ ರಸ್ತೆಯಲ್ಲಿ ಈಗ ಯಾರೂ ಇಲ್ಲ. ನಾನು ಪಕ್ಕದಲ್ಲಿರುತ್ತೇನೆ. ನಾನು ನಿಲ್ಲಿಸಿ ಎಂದಾಗ ನಿಲ್ಲಿಸಬೇಕು."

ಹೋಗಿ ಯಾರನ್ನೋ ಕೇಳಿ ಒಪ್ಪಿಸಿ ಬಂದರು. ನನ್ನ ಗಂಡ ಕೈ ತೊಳೆದು, ಕರವಸ್ತ್ರದಿಂದ ನಿಧಾನವಾಗಿ ಒರೆಸಿಕೊಂಡು ಹೊರಟರು. ಹೆಲ್ಮೆಟ್ಟು ಹಾಕಿದ ಮೇಲೆ ಅವರ ಮುಖ ಕಾಣಲಿಲ್ಲ. ಈಗ ಬೇಲಿ ಹಿಡಿದು ನಿಲ್ಲುವ ಸರದಿ ನನ್ನದಾಯಿತು.

ಗಾಡಿ ದೂರದ ತುದಿಗೆ ಹೋಗಿ ತಿರುಗಿ ನಿಂತಿತು. ಸ್ವಲ್ಪ ಹೊತ್ತು ಅಲುಗಲಿಲ್ಲ. ಆಮೇಲೆ ಹೊರಟಿತು. ಅಷ್ಟು ಜೋರಾಗಿ ಅವರು ಗಾಡಿ ಓಡಿಸಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ನನ್ನ ಮುಂದೆ ಹಾಯ್ದುಹೋದದ್ದು ಒಂದು ಸದ್ದು ಮಾತ್ರ. ಕೋನಿನ ಹತ್ತಿರ ಗಾಡಿಯ ಮೂತಿ ನೆಲಕ್ಕೆ ಬಾಗಿತು, ಟೈರು ಚೀರಿತು, ನಿಂತಿತು. ನಾನು ಮೊದಲ ಸಲ ನಿಲ್ಲಿಸಿದ್ದಕ್ಕಿಂತ ಬಹಳ ಮುಂಚೆಯೇ ನಿಂತಿತು.

ಇಳಿದು ನಡೆದು ಬಂದರು. ಹೆಲ್ಮೆಟ್ಟು ತೆಗೆದಾಗ ಹಣೆಯೆಲ್ಲ ಬೆವರು.

"ಹ್ಯಾಂಗಾತ್ರಿ?" ಎಂದೆ.

"ಆತು," ಎಂದರು. ಬೆವರು ಒರೆಸಿಕೊಳ್ಳುತ್ತ, "ಮಧ್ಯಾಹ್ನ ತಿರುವಿನ್ಯಾಗ ನೀ ಭಾಳ ಲಗೂ ಬ್ರೇಕ್ ಹಾಕಬ್ಯಾಡ. ಮುಂಜಾನಿ ಹಾಕಾಕತ್ತಿದ್ದಿ," ಎಂದರು.

ಮಧ್ಯಾಹ್ನ ನಾನು ತಡವಾಗಿ ಬ್ರೇಕು ಹಾಕಿ ನೋಡಿದೆ. ಅವರು ಹೇಳಿದ್ದು ಸರಿಯಿತ್ತು.

ಊರಿಗೆ ಬಂದ ಮೇಲೆ ಅವರು ಮತ್ತೆ ಸ್ಟೇರಿಂಗು ಹಿಡಿಯಲಿಲ್ಲ. ಮೂಡಲಗಿಗೆ ಬಸ್ಸಿನಲ್ಲಿ ಹೋಗುತ್ತಾರೆ. ಗಾಡಿಯನ್ನು ಮಾರುವ ಮಾತನ್ನು ನಾನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ. ಭಾನುವಾರ ನಾನು ಹೊರಗೆ ತೆಗೆಯುತ್ತೇನೆ.

ಒಂದು ಭಾನುವಾರ ನಾಗನೂರಿಗೆ ಹೋದಾಗ ಅವರೇ ತಾಯಿಗೆ ಕಣ್ಣಿನ ವಿಷಯ ಹೇಳಿದರು. ಅತ್ತೆ ಸೋಸುತ್ತಿದ್ದ ಸೊಪ್ಪನ್ನು ಕೆಳಗಿಡದೆ ಕೇಳಿದರು.

"ನಮ್ಮವ್ವಗೂ ಹಿಂಗ ಆಗಿತ್ತು," ಎಂದರು. "ಮಗ್ಗಲದಾಗ ನಿಂತಾವ್ರು ಕಾಣತಿರಲಿಲ್ಲ ಆಕಿಗಿ. ವಯಸ್ಸಿಂದು ಅಂತ ಬಿಟ್ಟಿದ್ವಿ."

"ಮನ್ಯಾಗ ಒಬ್ಬರಿಗಿದ್ರ ಉಳಿದಾವ್ರೂ ತೋರಿಸ್ಕೋಬೇಕ್ರಿ, ಅತ್ತಿ," ಎಂದೆ. "ನೀವೂ, ಭಾವನವರೂ."

ಭಾವ ನಕ್ಕು, ತನಗೆ ಹದ್ದಿನ ಕಣ್ಣು ಎಂದರು. ಅತ್ತೆ ಈಗ ಸೊಪ್ಪನ್ನು ಕೆಳಗಿಟ್ಟು, ಯಾವತ್ತು ಹೋಗುವುದೆಂದು ನನ್ನನ್ನು ಕೇಳಿದರು. ನನ್ನ ಹಳೆಯ ಸಣ್ಣ ಕಾರು ಅಷ್ಟು ದೂರಕ್ಕೆ ಸಾಲದೆಂದು ಮುಂದಿನ ವಾರ ತಮ್ಮನ ಕಾರು ಬೇಡಿ ತಂದು ಎಲ್ಲರನ್ನೂ ಮಿರಜಿಗೆ ಕರೆದುಕೊಂಡು ಹೋದೆ. ಅತ್ತೆಯ ಕಣ್ಣಿನಲ್ಲಿ ವಯಸ್ಸಿನ ಪೊರೆ ಬಿಟ್ಟರೆ ಬೇರೇನೂ ಇರಲಿಲ್ಲ. ಹದ್ದಿನ ಕಣ್ಣಿನ ಭಾವನಿಗೆ ಕಣ್ಣಿನ ಒತ್ತಡ ಏರಿತ್ತು. ನೋಟ ಇನ್ನೂ ಹೋಗಿರಲಿಲ್ಲ. ಸರಿಯಾದ ಹೊತ್ತಿಗೆ ಬಂದಿರಿ ಎಂದರು ಡಾಕ್ಟರು.

ಈಗ ನಾವು ನಾಗನೂರಿಗೆ ಹೋದಾಗಲೆಲ್ಲ ಸಂಜೆ ದೀಪ ಹಚ್ಚಿದ ಮೇಲೆ ಅಣ್ಣತಮ್ಮಂದಿರು ಪಡಸಾಲೆಯಲ್ಲಿ ಕುಳಿತು ಒಬ್ಬರ ಕಣ್ಣಿಗೆ ಇನ್ನೊಬ್ಬರು ಹನಿ ಬಿಡುತ್ತಾರೆ. ಭಾವ ಪ್ರತಿ ಸಲವೂ ಉರಿಯುತ್ತದೆಂದು ತಲೆ ಆಡಿಸುತ್ತಾರೆ. ನನ್ನ ಗಂಡ ಅವರ ಗದ್ದ ಹಿಡಿದು, "ಅಣ್ಣಾ, ಅಲಗಾಡಬ್ಯಾಡ," ಎನ್ನುತ್ತಾರೆ. ಅತ್ತೆ ಒಳಗಿನಿಂದ ಇಬ್ಬರದೂ ಮುಗಿಯಿತೇ ಎಂದು ಕೇಳಿ, ಆಮೇಲೆ ಊಟಕ್ಕೆ ಕರೆಯುತ್ತಾರೆ.